ಡಾಕ್ಟರಿಗೆ ಲೈಟ್ ಡ್ಯೂಟಿ

ಟಕ್, ಟಕ್, ಟಕ್. ಆ ಬೇಸಗೆಯ ಸಂಜೆಗಳಲ್ಲಿ ಅಮೆರಿಕದ ಕೆನ್ಮೋರಿನ ನಮ್ಮ ಗರಾಜಿನಿಂದ ಕೇಳುತ್ತಿದ್ದ ಸದ್ದು ಅದು. ನನ್ನ ಯಜಮಾನರು ಹೊಸ ಬ್ಯಾಟಿಗೆ ಎಣ್ಣೆ ಹಚ್ಚಿ, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಹದ ಮಾಡುತ್ತಿದ್ದರು. ಬ್ಯಾಟು ಅವರದಲ್ಲ. ಭಾನುವಾರ ಆಡುವ ಬೆಂಗಳೂರು, ಮೈಸೂರಿನ ಹುಡುಗರ ಟೀಮಿನ ಕ್ಯಾಪ್ಟನ್ನನದು. ಹುಡುಗರು ಎಂದೆ, ಅರ್ಧ ಜನಕ್ಕೆ ತಲೆ ಬೋಳಾಗಿತ್ತು.

ಯಜಮಾನರು ಇಂಡಿಯಾದಲ್ಲಿ ಆರ್ಮಿ ಡಾಕ್ಟರಾಗಿದ್ದವರು. ಕೆಲಸದ ದಿನವೆಲ್ಲ ಮಿಲಿಟರಿ ಆಸ್ಪತ್ರೆ, ರಜಾದಿನವೆಲ್ಲ ಕ್ರಿಕೆಟ್. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಥ್ರೋಬಾಲ್, ನೀಡಲ್‌ವರ್ಕ್ ಕಲಿಸಿದ್ದರು. ಕ್ರಿಕೆಟ್ಟನ್ನು ನಾನು ಕಲಿತದ್ದು ಮದುವೆಯಾದ ಮೇಲೆ, ಕಂಟೋನ್ಮೆಂಟಿನ ಬೌಂಡರಿ ಪಕ್ಕ ಸ್ವೆಟರ್ ಹೆಣೆಯುತ್ತಾ. ಮ್ಯಾಚಿಗೆ ಮೊದಲು ಅವರು ಆಟಗಾರರನ್ನು ಸಾಲಾಗಿ ನಿಲ್ಲಿಸಿ, ನಾಲಿಗೆ, ಮೊಣಕಾಲು, ಬೆರಳು ನೋಡಿ ಫಿಟ್, ಅನ್‌ಫಿಟ್, ಇಲ್ಲವೇ ಎರಡರ ನಡುವಿನ ಲೈಟ್ ಡ್ಯೂಟಿ ಎನ್ನುತ್ತಿದ್ದರು. ಅವರು ಅನ್‌ಫಿಟ್ ಎಂದರೆ ಕಮಾಂಡಿಂಗ್ ಆಫೀಸರ್ ಕೂಡ ಪ್ಯಾಡ್ ಬಿಚ್ಚಬೇಕು. ಇನ್ನೊಂದು ನಿಯಮವಿತ್ತು. ಡಾಕ್ಟರು ತನ್ನನ್ನು ತಾನೇ ಫಿಟ್ ಎನ್ನುವಂತಿಲ್ಲ, ಬೇರೆಯವರು ನೋಡಿ ಹೇಳಬೇಕು.

ಅಮೆರಿಕದಲ್ಲಿ ಔಷಧಿ ಬರೆಯಲು ಅವರಿಗೆ ಲೈಸೆನ್ಸ್ ಇರಲಿಲ್ಲ. ನಾಲಿಗೆ ನೋಡಲು ಯಾವ ಲೈಸೆನ್ಸ್? ಇಲ್ಲಿಯೂ ಹುಡುಗರು ನಮ್ಮ ಕಾರಿನ ಡಿಕ್ಕಿಯ ಮುಂದೆ ಸಾಲು ನಿಲ್ಲುತ್ತಿದ್ದರು.

"ಕಣ್ಣು ಯಾಕೋ ಕೆಂಪಗಿದೆ?"

"ಇಂಡಿಯಾ ಕಾಲ್ ಇತ್ತು ಅಂಕಲ್, ನಿದ್ದೆ ಇಲ್ಲ."

"ಲೈಟ್ ಡ್ಯೂಟಿ. ಸ್ಲಿಪ್ಪಲ್ಲಿ ನಿಂತ್ಕೋ. ತೂಕಡಿಸಿದ್ರೆ ಕೀಪರ್ರೇ ಎಬ್ಬಿಸ್ತಾನೆ."

ಆ ವರ್ಷ ಅವರ ಹೃದಯದ ವಾಲ್ವ್ ಕೆಟ್ಟಿತ್ತು. ಒಂದು ಬುಧವಾರ ಆಪರೇಷನ್ ಎಂದು ನಿಗದಿಯಾಯಿತು. ಅದರ ಹಿಂದಿನ ಭಾನುವಾರ ಹತ್ತಿರದ ಊರು ಇಸ್ಸಾಕ್ವಾದವರ ಮೇಲೆ ಮ್ಯಾಚಿತ್ತು, ನಮ್ಮವರಲ್ಲಿ ಒಬ್ಬ ಕಡಿಮೆ. ಅದರಲ್ಲಿ ಒಂದು ಸಲ ಬ್ಯಾಟ್ ಹಿಡಿಯಬೇಕೆಂದು ಇವರಿಗೆ ಆಸೆ.

"ಅಪ್ಪ, ನೋ," ಎಂದಳು ಮಗಳು. "ಇದೆಷ್ಟು ರಿಸ್ಕ್ ಅಂತ ಡಾಕ್ಟರಾಗಿ ನಿಮಗೇ ಗೊತ್ತಿಲ್ವಾ?"

"ಡಾಕ್ಟರಾಗಿರೋದಕ್ಕೇ ನಾನು ಹೇಳೋ ಹಾಗಿಲ್ಲ. ನಿಮ್ಮಮ್ಮ ಹೇಳ್ಲಿ."

ಹುರುಳಿಕಾಯಿ ಹೆಚ್ಚುತ್ತಿದ್ದ ನನ್ನ ಮುಂದೆ ಬಂದು ಅಟೆನ್ಷನ್‌ನಲ್ಲಿ ನಿಂತು ನಾಲಿಗೆ ಚಾಚಿದರು. ನನಗೆ ನಗು ಬಂತು. ಅವರ ಕಣ್ಣು ಮಾತ್ರ ನಗುತ್ತಿರಲಿಲ್ಲ.

ಕೈ ಒರೆಸಿಕೊಂಡು ನಾಡಿ ಹಿಡಿದೆ. ನನಗೆ ನಾಡಿ ನೋಡಲು ಬರುವುದಿಲ್ಲವೆಂದು ಅವರಿಗೂ ಗೊತ್ತು. ಆದರೆ ಅನ್‌ಫಿಟ್ ಎಂದಿದ್ದರೆ ಮರುಮಾತಿಲ್ಲದೆ ಒಪ್ಪಿಬಿಡುತ್ತಿದ್ದರು. ಅದೇ ನನಗೆ ಭಾರವಾಯಿತು.

"ಲೈಟ್ ಡ್ಯೂಟಿ," ಎಂದೆ. "ಫೀಲ್ಡಿಂಗ್ ಇಲ್ಲ, ಓಡೋದಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತ್ರೆ ತಕ್ಷಣ ವಾಪಸ್ ಬರ್ಬೇಕು."

"ಕಾಫಿಗೆ ಅಂತ ಎದ್ರೂನಾ?"

"ಎದ್ರೆ ಬರ್ಬೇಕು ರೀ, ಅಷ್ಟೇ."

ಮಗಳು ನನ್ನೊಡನೆ ಮಾತು ಬಿಟ್ಟಳು. ಭಾನುವಾರ ನಮ್ಮನ್ನು ಶೋರ್‌ಲೈನಿನ ಮೈದಾನಕ್ಕೆ ಡ್ರೈವ್ ಮಾಡಿ ಕರೆದುಕೊಂಡು ಹೋದವಳು ಮಾತ್ರ ಅವಳೇ.

ಇವರ ಬದಲು ರನ್ ಓಡಲು ಕ್ಯಾಪ್ಟನ್ನೇ ನಿಂತ. ಎದುರು ಟೀಮಿನ ಕೀಪರ್, ಅವನೂ ಮೈಸೂರಿನವನೇ, "ಅಂಕಲ್, ನಿಧಾನಕ್ಕೆ ಹಾಕಿಸ್ಲಾ?" ಎಂದು ಕೇಳಿದ್ದು ನಮಗೂ ಕೇಳಿಸಿತು.

"ನಿಧಾನ ಬೇಡಪ್ಪ. ಬಾಲ್ ಹುಡುಕೋಕೆ ಒಬ್ರನ್ನ ಬೇಲಿ ಹತ್ರ ಕಳಿಸು."

ಮೊದಲ ಚೆಂಡು ಬ್ಯಾಟಿಗೆ ಸಿಗಲೇ ಇಲ್ಲ. ಮುಂದಿನದು ಕಾಲಿನ ಕಡೆಗೆ ಬಂತು. ಮಣಿಕಟ್ಟನ್ನು ತುಸು ತಿರುವಿದರು, ಬೀಗದಲ್ಲಿ ಕೀಲಿ ತಿರುವಿದಷ್ಟೇ. ಚೆಂಡು ಸದ್ದಿಲ್ಲದೆ ಹುಲ್ಲಿನ ಮೇಲೆ ಜಾರಿ ಬೇಲಿ ಸೇರಿತು. ಅದರ ಮುಂದಿನದಕ್ಕೇ ಸ್ಟಂಪ್ ಹಾರಿತು. ಕುರ್ಚಿಯ ಕೈ ಬಿಗಿಹಿಡಿದು ಕೂತಿದ್ದ ನನಗೆ ಏಳುವ ಪ್ರಮೇಯ ಬರಲಿಲ್ಲ. ಸ್ವಲ್ಪ ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕೂತು, "ಪಿಚ್ ಸರಿಯಿಲ್ಲ," ಎಂದರು. ಮಗಳು ನಕ್ಕು, ಬಗ್ಗಿ ಅವರ ಪ್ಯಾಡ್ ಬಿಚ್ಚಿದಳು.

ಬುಧವಾರದ ಆಪರೇಷನ್ನಿನ ನಂತರ ಅವರು ಎಚ್ಚರಗೊಳ್ಳಲೇ ಇಲ್ಲ. ಭಾನುವಾರದ ಆಟಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸರ್ಜನ್ ನನ್ನ ಕೈ ಹಿಡಿದು ಹೇಳಿದರು. ನಾನು ಕೇಳಿರಲಿಲ್ಲ, ಮಗಳು ಕೇಳಿರಬೇಕು. ಸರ್ಜನ್ ಹೇಳದಿದ್ದರೂ ನನಗೆ ಆ ಭಾನುವಾರದ ಬಗ್ಗೆ ಪಶ್ಚಾತ್ತಾಪ ಇರುತ್ತಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ಯಜಮಾನರನ್ನು ಸ್ಟ್ರೆಚರಿನಲ್ಲಿ ಒಳಗೆ ಕರೆದೊಯ್ಯುವಾಗ, ಅರಿವಳಿಕೆ ಕೊಡುವ ಚಿಕ್ಕ ವಯಸ್ಸಿನ ಡಾಕ್ಟರ್, ವೀಕೆಂಡ್ ಹೇಗಿತ್ತು ಎಂದು ಸುಮ್ಮನೆ ಕೇಳಿದಳು. ಆಕೆ ಕ್ರಿಕೆಟ್ಟನ್ನು ಕಂಡವಳೇ ಅಲ್ಲ. ಇವರು ಸೂಜಿ ಚುಚ್ಚದ ಕೈಯನ್ನು ಹೊದಿಕೆಯಿಂದ ಹೊರಗೆಳೆದು, ಮಣಿಕಟ್ಟು ತಿರುವಿ ತೋರಿಸಿದರು. ಆಕೆಯೂ ನಡೆಯುತ್ತಲೇ ತನ್ನ ಕೈ ತಿರುವಿದಳು. "ನೋ, ನೋ, ಲೇಟರ್. ಲೆಟ್ ದ ಬಾಲ್ ಕಮ್," ಎಂದು ತಿದ್ದುತ್ತಾ, ನನ್ನತ್ತ ತಿರುಗಿ ನೋಡುವುದನ್ನೂ ಮರೆತು, ಅವರು ಬಾಗಿಲು ದಾಟಿ ಹೋದರು.