ಹೊದಿಸಿದಷ್ಟೂ ನಡುಗಿದ ಕುದುರೆ

ಕಂಬಳಿ ಹೊದಿಸಿದಷ್ಟೂ ನಮ್ಮ ಕುದುರೆ ನಡುಗುತ್ತಿತ್ತು. ಯುದ್ಧದ ಕಾಲದ ಚಳಿಗಾಲವದು, ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಸೀತೂರಿನ ನಮ್ಮ ಲಾಯದಿಂದ ಅದನ್ನು ಆ ದಿನವೇ ನರಸಿಂಹರಾಜಪುರದ ಜಾನುವಾರು ಪ್ರದರ್ಶನಕ್ಕೆ ಕರೆದೊಯ್ಯಬೇಕಿತ್ತು. ಮೈ ಮಿಂಚಲೆಂದು ಹಿಂದಿನ ದಿನ ಅಪ್ಪ ಅದರ ದಟ್ಟ ಕೂದಲಿಗೆ ಕತ್ತರಿ ಆಡಿಸಿದ್ದರು. ಅದರಿಂದಲೇ ಚಳಿ ಹಿಡಿಯಿತೆಂದು ಅವರಿಗೆ ದಿಗಿಲು.

ಬೇಯಿಸಿದ ಹುರುಳಿಯನ್ನು ಕುದುರೆ ಮೂಸಿಯೂ ನೋಡಲಿಲ್ಲ. ಕಣ್ಣರಳಿಸಿ ಹಿಂದಕ್ಕೆ ಜಗ್ಗಿ, ಲಾಯದ ಹಲಗೆಗೆ ಒದೆಯತೊಡಗಿತು. ಅದಕ್ಕೂ ಗೋಡೆಗೂ ನಡುವೆ ಅಪ್ಪ ಸಿಕ್ಕಿಕೊಂಡಿದ್ದರು. ಅಲ್ಲಿಂದಲೇ ಅಮ್ಮನಿಗೆ ಕೂಗಿದರು: "ಜ್ವರದ ನಡುಕ ಮಾರಾಯ್ತಿ, ಕಂಬಳಿ ಜಾರದಂಗೆ ಆ ಕಡೆ ಹಗ್ಗ ಬಿಗಿ!"

ಹಗ್ಗಕ್ಕೆ ಕೈಹಾಕಿ ಬಗ್ಗಿದ ಅಮ್ಮ, ಕಂಬಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅದನ್ನು ಎಳೆದು ಅಂಗಳಕ್ಕೆ ಎಸೆದಳು. "ಚಳಿಯೂ ಅಲ್ಲ, ಜ್ವರವೂ ಅಲ್ಲ. ಶಿಕಾರಿಯಲ್ಲಿ ಹೊಡೆದ ಚಿರತೆನ ನೀವು ಸುತ್ತಿ ತಂದಿದ್ದು ಇದೇ ಕಂಬಳಿಲಿ ಅಲ್ದಾ?"

ಒಗೆದು ಒಣಗಿಸಿದ್ದರಿಂದ ಅಪ್ಪನಿಗೆ ಅದು ಬರೀ ಕಂಬಳಿಯಾಗಿತ್ತು. ಕುದುರೆಯ ಬೆನ್ನ ಮೇಲೆ ಮಾತ್ರ ಚಿರತೆಯೇ ಕೂತಿತ್ತು. ಬರಿಮೈಯಲ್ಲಿ ಆ ಕೊರೆಯುವ ಚಳಿಗೆ ನಿಂತ ಮೇಲೆ ಅದರ ನಡುಕ ಮೆಲ್ಲಗೆ ಇಳಿಯಿತು. ಅಮ್ಮ ಒಳಗಿನಿಂದ ಜಮಖಾನ ತಂದು ಹೊದಿಸಿದಳು. ಸ್ವಲ್ಪ ಹೊತ್ತಿಗೆ ಅದು ಹುರುಳಿಗೆ ಬಾಯಿ ಹಾಕಿತು.

ಇಂದಿಗೂ ಯಾರಾದರೂ ನಡುಗುತ್ತಿದ್ದರೆ, ಮತ್ತೊಂದು ಹೊದಿಕೆ ತರಲು ನಾನು ಓಡುವುದಿಲ್ಲ. ಮೈಮೇಲೆ ಆಗಲೇ ಏನಿದೆ ಎಂದು ಮೊದಲು ನೋಡುತ್ತೇನೆ.