ಹಳ್ಳದ ದಂಡೆಯ ನಾನೂರು ಗಿಡ

ನನ್ನ ಯಜಮಾನರು ಪುರಸಭೆಯ ಮಾಲಿ. ಹದಿನೆಂಟು ವರ್ಷ ದಿನಗೂಲಿಯಲ್ಲೇ ದುಡಿದರು. ಅವರು ಹೋಗಿ ಏಳು ತಿಂಗಳಾಯಿತು. ಒಳ್ಳೆಯವರಾಗಿದ್ದರು ಎಂದು ಜನ ಹೇಳುತ್ತಾರೆ. ಒಳ್ಳೆಯವರೇನೋ ಹೌದು, ಆದರೆ ಬಲು ಹಟಮಾರಿ.

ಏಳು ಊರಿನ ಪುರಸಭೆಗಳು ಸೇರಿ ಹಳ್ಳದ ಉದ್ದಕ್ಕೂ ಹಸಿರು ಬೆಳೆಸಲು ಒಂದು ಒಕ್ಕೂಟ ಮಾಡಿಕೊಂಡಿದ್ದವು. ಜಾಗ ಕೊಡುವುದು, ಗಿಡ ಉಳಿಸುವುದು ಆಯಾ ಪುರಸಭೆಯ ಹೊಣೆ. ನಮ್ಮೂರ ಪಾಲಿಗೆ ನಾನೂರು ಗಿಡ. ಅದರಲ್ಲಿ ಮುನ್ನೂರು ಉಳಿಯಬೇಕು. ಒಂದು ಕಡಿಮೆಯಾದರೂ ಊರು ಒಕ್ಕೂಟದಿಂದ ಹೊರಗೆ, ಜಾಗ ಪುರಸಭೆಗೆ ವಾಪಸು. ಅಲ್ಲಿ ಲಾರಿ ನಿಲ್ಲಿಸಲು ನಮ್ಮ ಎಂಜಿನಿಯರ್ ಆಗಲೇ ನಕ್ಷೆ ಬರೆಸಿಟ್ಟಿದ್ದ. ಒಂದೂರಿನ ಗಿಡವನ್ನು ಇನ್ನೊಂದೂರಿನ ಮಾಲಿ ಎಣಿಸಬೇಕು, ಅದು ಒಕ್ಕೂಟದ ಕಟ್ಟಳೆ.

ಎಣಿಕೆಗೆ ಹತ್ತು ದಿನ ಇರುವಾಗ ಕಾಂಡ ಕೊರೆಯುವ ಹುಳ ಬಿತ್ತು. ಇವರು ನೂರಾ ಹನ್ನೆರಡು ಗಿಡಗಳನ್ನು ಬುಡದಲ್ಲಿ ಗೇಣುದ್ದ ಬಿಟ್ಟು ಕಡಿದರು. ಕಡಿದದ್ದನ್ನು ಸುಟ್ಟರು.

"ಸಾಹೇಬ್ರ ಸಹಿ ತಗೊಂಡ್ರಾ?" ಎಂದೆ.

"ಸಹಿ ಬರೋ ಹೊತ್ತಿಗೆ ಹುಳ ಬೇರಿಗಿಳಿದಿರುತ್ತೆ. ಹತ್ತು ದಿನದಲ್ಲಿ ಚಿಗುರ್ತವೆ, ಸುಮ್ನಿರೇ."

ಆ ವಾರ ಚಳಿ ಬಿತ್ತು. ಒಂದೂ ಕಣ್ಣು ಬಿಡಲಿಲ್ಲ.

ಎಣಿಸಲು ಬಂದವನು ಪಕ್ಕದೂರಿನ ಮೀಸೆ ಮಾಲಿ. ನೆಂಟಸ್ತನ ಏನಿಲ್ಲದಿದ್ದರೂ ಇವರೂ ಅವನೂ ಭಾವ, ಭಾವ ಎಂದು ಕಾಲೆಳೆಯುವವರು. ಅವತ್ತು ಎಂಜಿನಿಯರ್ ಜೊತೆ ಅವನು ಬೇಲಿಯೊಳಗೆ, ಇವರೂ ನಾನೂ ಹೊರಗೆ. ಮೋಟು ಕಂಡಲ್ಲೆಲ್ಲ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ತೊಗಟೆ ಕೆರೆದು ನೋಡಿದ. ಎರಡು ಗಂಟೆ ಹಿಡಿಯಿತು. ಬೇಲಿಯ ತಂತಿ ಹಿಡಿದ ಇವರ ಬೆರಳು ಬಿಳಿಚಿಕೊಂಡಿದ್ದವು.

"ಏನ್ ಭಾವ, ಗಿಡಕ್ಕೆಲ್ಲಾ ತಲೆ ಬೋಳಿಸ್ಬಿಟ್ಟಿದ್ದೀಯ?" ಎನ್ನುತ್ತಾ ಬಂದ. ಆದರೆ ನಗಲಿಲ್ಲ. "ಒಳಗೆ ಹಸಿರಿದೆ. ಏನ್ ಮಾಡ್ಲಿ, ಎಲೆ ಇಲ್ಲದ್ದು ಲೆಕ್ಕಕ್ಕಿಲ್ಲ. ಇನ್ನೂರ ಎಂಬತ್ತೊಂದು."

"ಮುಗೀತಲ್ಲ," ಎಂದ ಎಂಜಿನಿಯರ್.

"ಮುಗಿದಿಲ್ಲ ಸಾರ್. ರೋಗಕ್ಕೆ ಕಡಿದಿದ್ರೆ ಇಪ್ಪತ್ತು ದಿನ ವಾಯಿದೆ ಇದೆ. ಕಡಿದವರು ಬರೆದು ಕೊಡ್ಬೇಕು ಅಷ್ಟೆ."

ಎಂಜಿನಿಯರ್ ಇವರತ್ತ ತಿರುಗಿದ. "ಬರ್ಕೊಡಪ್ಪ. ಅಪ್ಪಣೆ ಇಲ್ದೆ ಗಿಡ ಕಡಿದವನನ್ನ ಪುರಸಭೆ ಇಟ್ಕೊಳ್ಳಲ್ಲ, ಗೊತ್ತಲ್ಲ? ಯಾರೋ ಕಳ್ಳರು ಕಡಿದ್ರು ಅಂದ್ಬಿಡು, ನಿನ್ನ ಕೆಲ್ಸ ಉಳಿಯುತ್ತೆ."

ಇವರದು ಹೆಬ್ಬೆಟ್ಟು. ನಾನು ನಾಲ್ಕನೇ ಕ್ಲಾಸು. ಪೆನ್ನು ನನ್ನ ಕೈಗೆ ಬಂತು.

"ಬರಿ. ನಾನೇ ಕಡಿದೆ ಅಂತ."

"ರೀ, ಮನೆ ಹೇಗ್ರೀ ನಡೆಯೋದು?"

"ನೀನು ಬರೀತೀಯೋ, ಮೀಸೆ ಕೈಲಿ ಬರೆಸ್ಲೋ?"

ಕಳ್ಳರು ಎಂದು ಬರೆದಿದ್ದರೂ ಅವರಿಗೆ ಓದಲು ಬರುತ್ತಿರಲಿಲ್ಲ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಅವರು ನನ್ನ ಮುಖ ನೋಡಲಿಲ್ಲ. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಕೂತಿದ್ದರು, ನಾನು ಏನು ಬರೆದರೂ ಒತ್ತುವವರ ಹಾಗೆ.

ಅವರು ಹೇಳಿದ್ದನ್ನೇ ಬರೆದೆ.

ಮರುದಿನವೇ ಕೆಲಸದಿಂದ ತೆಗೆದರು. ಇಪ್ಪತ್ತನೇ ದಿನ ಮತ್ತೆ ಎಣಿಕೆ, ಮತ್ತೆ ಅದೇ ಬೇಲಿಯ ಹೊರಗೆ ನಾವು. ಅಲ್ಲೊಂದು ಇಲ್ಲೊಂದು ಮೋಟು ಮಾತ್ರ ಚಿಗುರಿತ್ತು. ಮೀಸೆ ಮಾಲಿ ಬೆವರು ಒರೆಸಿಕೊಳ್ಳುತ್ತಾ ಬಂದ.

"ಮುನ್ನೂರ ನಾಲ್ಕು, ಭಾವ."

"ಸರಿಯಾಗಿ ಎಣಿಸೋ. ಒಂದೆರಡು ಬಿಟ್ಟಿರ್ತೀಯ," ಎಂದರು ಇವರು.

ಊರು ಒಕ್ಕೂಟದಲ್ಲಿ ಉಳಿಯಿತು. ಗಿಡ ನೋಡಿಕೊಳ್ಳಲು ಪುರಸಭೆ ಬೇರೆ ಮಾಲಿಯನ್ನು ತಂದಿತು. ಅವನು ಬಂದ ದಿನ ಬೆಳಿಗ್ಗೆ ಇವರು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲ ಮೇಲೆ ಕೂತರು. ಎಲ್ಲಿಗೆ ಎಂದೆ. ಎಲ್ಲಿಗೂ ಇಲ್ಲ ಎಂದರು. ಚಪ್ಪಲಿ ಬಿಚ್ಚಲಿಲ್ಲ. ಎರಡು ವರ್ಷ ದಿನಾ ಹಾಗೇ ಕೂತರು. ನಾನು ನಾಲ್ಕು ಮನೆ ಪಾತ್ರೆ ತಿಕ್ಕಿ ಬರುತ್ತಿದ್ದೆ.

ನಾನು ಬರೆದದ್ದು ಸರಿಯೋ ತಪ್ಪೋ ಎಂದು ಅವರನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದರು.