ಎಡತೋಳು ಬಾಗಿದ ಜಾಕೆಟ್

ದೆವ್ವ, ಆತ್ಮ, ಮಾಟ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಈಗಲೂ ಅಂಥ ಮಾತಿಗೆ ಕಿವಿ ಕೊಡುವವನಲ್ಲ. ಆದರೆ ನನ್ನ ಬೀರುವಿನಲ್ಲಿ ಒಂದು ಜಾಕೆಟ್ ಇದೆ. ಅದರ ಎಡತೋಳಿನ ವಿಷಯ ಬಂದರೆ ಎದ್ದು ಹೋಗಲು ನನ್ನಿಂದ ಆಗುವುದಿಲ್ಲ. ನೀವು ನಂಬಲೇಬೇಕೆಂದು ಹಟವೇನಿಲ್ಲ.

ಬೆಂಗಳೂರಿನ ವಿಜಯನಗರದಲ್ಲಿ ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ಹುಚ್ಚು ಮಾತ್ರ ಫ್ಲೈಟ್ ಜಾಕೆಟ್ಟುಗಳದ್ದು. ಹಿಂದಿನ ಯುದ್ಧಗಳ ಕಾಲದಲ್ಲಿ ಪೈಲಟ್‌ಗಳು ತೊಡುತ್ತಿದ್ದ, ಸೊಂಟದವರೆಗಿನ ಚರ್ಮದ ಜಾಕೆಟ್ಟುಗಳು. ಅಸಲಿ ಸಿಕ್ಕರೆ ಅಸಲಿ, ಇಲ್ಲದಿದ್ದರೆ ಅದೇ ಅಳತೆಯಲ್ಲಿ ಹೊಲಿದ ಹೊಸ ನಕಲು. ಕೂಡಿಡುವುದಷ್ಟೇ ಅಲ್ಲ, ಹಾಕಿಕೊಂಡೂ ಓಡಾಡುತ್ತೇನೆ. ಈ ಸೆಕೆಯಲ್ಲಿ ಚರ್ಮ ಹೊದ್ದುಕೊಂಡು ತಿರುಗುವವನು ಚಂದ್ರಾ ಲೇಔಟಿಗೆಲ್ಲ ನಾನೊಬ್ಬನೇ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.

ಒಂದು ಸಲ ನಾನೇ ಒಂದು ಜಾಕೆಟ್ ಹೊಲಿಯಲು ಕೂತೆ. ಮೇಕೆ ಚರ್ಮ ಆರಿಸಿದ್ದು ನಾನು, ಕತ್ತರಿಸಿದ್ದು ನಾನು, ಹೊಲಿಗೆ ನನ್ನದೇ. ಅದರಲ್ಲಿದ್ದ ಹಳೆಯ ವಸ್ತು ಎಂದರೆ ಜಿಪ್ ಒಂದೇ. ಹೊಸ ಜಾಕೆಟ್ಟಿಗೆ ಹಳೆಯ ಕಾಲದ ಹಿತ್ತಾಳೆ ಜಿಪ್ ಕೂರಿಸುವುದು ನಮ್ಮಂಥ ಜಾಕೆಟ್ ಹುಚ್ಚರ ಷೋಕಿ. ಹಳೇ ಸಾಮಾನಿನ ರಾಶಿಯಲ್ಲಿ ಚಿಂದಿಯಾಗಿ ಬಿದ್ದಿದ್ದ ಯಾರದೋ ಜಾಕೆಟ್ಟಿನಿಂದ ಅದನ್ನು ಬಿಚ್ಚಿಕೊಂಡಿದ್ದೆ. ಹೊಲಿದು ಮುಗಿಸಿ ಎತ್ತಿ ಹಿಡಿದಾಗ ಎದೆ ಉಬ್ಬಿತು. ಬೆಂಗಳೂರಿನಲ್ಲಿ ಅಂಥ ಕೆಲಸ ಇನ್ನೊಂದಿರಲಿಲ್ಲ. ಜಂಬ ಎನ್ನಿ, ಪರವಾಗಿಲ್ಲ.

ಹೊಸ ಚರ್ಮ ಮೈಗೆ ಕೂರಬೇಕೆಂದರೆ ಜಾಕೆಟ್ಟನ್ನು ಬಿಸಿನೀರಿನಲ್ಲಿ ಅದ್ದಿ, ಒದ್ದೆಯಲ್ಲೇ ತೊಟ್ಟು, ಮೈಮೇಲೆಯೇ ಒಣಗಿಸುತ್ತೇವೆ. ತೊಟ್ಟವನ ಮೈಕೈ ಹೇಗೋ ಸುಕ್ಕುಗಳೂ ಹಾಗೆಯೇ ಬೀಳುತ್ತವೆ. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ನಾನೂ ತೊಟ್ಟು ಶತಪಥ ಹಾಕಿದೆ. ಸಂಜೆ ಬಿಚ್ಚಿ ಹ್ಯಾಂಗರಿಗೆ ಹಾಕಿದರೆ ಬಲತೋಳು ನೆಟ್ಟಗೆ ಇಳಿಬಿತ್ತು. ಎಡತೋಳು ಮೊಣಕೈಯಲ್ಲಿ ಬಾಗಿ ಮುಂದಕ್ಕೆ ಚಾಚಿಕೊಂಡಿತ್ತು.

ಎಳೆದೆ, ಜಗ್ಗಲಿಲ್ಲ. ಫೋನ್ ಹಿಡಿದುಕೊಂಡು ನಡೆದಿರಬೇಕು ಎಂದುಕೊಂಡೆ. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ, ಮತ್ತೆ ಅದ್ದಿ, ಎರಡೂ ಕೈ ಇಳಿಬಿಟ್ಟುಕೊಂಡೇ ಒಣಗಿಸಿದೆ. ಹೆಂಡತಿಯನ್ನು ಕಾವಲಿಗೆ ಕೂರಿಸಿದ್ದೆ. ಮತ್ತೆ ಅದೇ ತೋಳು, ಅದೇ ಬಾಗು. ನೀವು ಕೈ ಎತ್ತಲೇ ಇಲ್ಲವಲ್ಲ ಎಂದು ಅವಳೂ ಬೆಪ್ಪಾದಳು. ನನಗೆ ಮೈಯೆಲ್ಲ ಉರಿಯಿತು. ಬರುವ ಭಾನುವಾರ ಜಾಕೆಟ್ ಗೆಳೆಯರ ಕೂಟದಲ್ಲಿ ಇದನ್ನು ಎಲ್ಲರ ಮುಂದೆ ತೋರಿಸಬೇಕು, ನಾಲ್ಕು ಜನ ಭೇಷ್ ಅನ್ನಬೇಕು ಎಂದೇ ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿದವನು ನಾನು. ಸೊಟ್ಟ ತೋಳು ಹೊತ್ತು ಹೇಗೆ ಹೋಗಲಿ? ಅದನ್ನು ಬಿಚ್ಚಿ ಬೇರೆ ತೋಳು ಕೂರಿಸುವುದೆಂದು ತೀರ್ಮಾನಿಸಿ, ಜಾಕೆಟ್ ತೊಟ್ಟುಕೊಂಡೇ ಅಂಗಡಿಗೆ ಹೊರಟೆ. ತೋಳಿನ ಬಿಗುವಿಗೆ ನನ್ನ ಎಡಗೈಯೂ ಮಡಿಸಿಕೊಂಡೇ ಇತ್ತು.

ದೊಡ್ಡ ರಸ್ತೆಯ ಅಂಚಿನಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ನಾನು ಕಂಡವರಲ್ಲ. ನಾನು ಪಕ್ಕಕ್ಕೆ ಬಂದದ್ದೇ ತಡ, ಮುಖವನ್ನೂ ನೋಡದೆ ನನ್ನ ಎಡ ಮೊಣಕೈಯೊಳಗೆ ಕೈ ತೂರಿಸಿದರು. ಕಣ್ಣು ವಾಹನಗಳ ಮೇಲೆಯೇ ಇತ್ತು. ಆ ಬಾಗಿನಲ್ಲಿ ಅವರ ಕೈ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಇಬ್ಬರೂ ರಸ್ತೆ ದಾಟಿದೆವು. ಆಚೆ ಬದಿಗೆ ಹೋದ ಮೇಲೆ ತಲೆಯೆತ್ತಿ ನೋಡಿ ಗಾಬರಿಯಾದರು.

"ತಪ್ಪು ತಿಳ್ಕೋಬೇಡಪ್ಪ. ನಮ್ಮ ಯಜಮಾನ್ರು ಅನ್ಕೊಂಬಿಟ್ಟೆ."

ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತಂತೆ. ಏರ್‌ಫೋರ್ಸಿನಲ್ಲಿದ್ದಾಗ ಬಿದ್ದು ಎಡ ಮೊಣಕೈ ಮುರಿದಿತ್ತಂತೆ. ಆಮೇಲೆ ಆ ಕೈ ನೆಟ್ಟಗಾಗಲೇ ಇಲ್ಲ. ಮದುವೆಯಾದಾಗಿನಿಂದ ಅದನ್ನು ಹಿಡಿದೇ ರಸ್ತೆ ದಾಟುತ್ತಿದ್ದೆ ಎಂದರು. ಅವರ ಚರ್ಮದ ಜಾಕೆಟ್ ಮನೆ ಬದಲಿಸುವಾಗ ಹಳೇ ಬಟ್ಟೆಯ ಜೊತೆ ಹೋಯಿತಂತೆ. ಹೇಳುತ್ತಾ ಹೇಳುತ್ತಾ ತೋಳನ್ನು ಒಮ್ಮೆ ಸವರಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಡೆದುಬಿಟ್ಟರು.

ಜಿಪ್ಪಿನ ವಿಷಯ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ಕೇಳಲಿಲ್ಲ. ಹಿತ್ತಾಳೆ ಜಿಪ್ಪುಗಳು ಊರಲ್ಲಿ ಎಷ್ಟಿಲ್ಲ? ಅದು ಅವರದ್ದೇ ಆಗಿದ್ದರೂ ಜಿಪ್ಪಿಗೂ ತೋಳಿಗೂ ಏನು ಸಂಬಂಧ? ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಂಗಡಿಗೆ ಹೋಗಿ ಕತ್ತರಿ ಕೈಗೆತ್ತಿಕೊಂಡೆ, ಹಾಗೆಯೇ ಕೆಳಗಿಟ್ಟೆ.

ಭಾನುವಾರ ಹೆಂಡತಿಯ ಜೊತೆ ಕೂಟಕ್ಕೆ ಹೋದೆ, ಬಾಗಿದ ತೋಳಿನಲ್ಲೇ. ಹೊಲಿಗೆ ನೋಡಿದವರೆಲ್ಲ ಭೇಷ್ ಎಂದರು, ನಾನೂ ಕತ್ತು ನೆಟ್ಟಗೆ ಮಾಡಿಕೊಂಡು ಕೇಳಿಸಿಕೊಂಡೆ. ಹಿರಿಯರೊಬ್ಬರು ಎಡತೋಳನ್ನು ಹಿಡಿದು, ಇಂಥ ಹಳೇ ಸುಕ್ಕು ಹೊಸ ಚರ್ಮದಲ್ಲಿ ಹೇಗೆ ತಂದಿರಿ, ಇದೇ ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ಎಂದರು.

"ಮಿಕ್ಕಿದ್ದೆಲ್ಲ ನಂದೇ ಸಾರ್. ಅದೊಂದು ಮಾತ್ರ ನಾನ್ ಮಾಡಿದ್ದಲ್ಲ" ಎಂದೆ.

ವಿನಯ ತೋರಿಸುತ್ತಿದ್ದೇನೆಂದು ಎಲ್ಲರೂ ನಕ್ಕರು. ವಿನಯ ನನ್ನ ಜಾಯಮಾನವಲ್ಲ ಎಂದು ಬಲ್ಲ ನನ್ನ ಹೆಂಡತಿಯೊಬ್ಬಳು ಮಾತ್ರ ನಗಲಿಲ್ಲ.